ಯಂತ್ರದ ವ್ಯಕ್ತಿತ್ವ ಮತ್ತು ವಿದ್ಯಾರ್ಥಿಯ ಸಾಕ್ಷ್ಯ

ಶಿಕ್ಷಣದಲ್ಲಿ ರೋಬಾಟುಗಳ ಪ್ರಯೋಗವನ್ನು ಕುರಿತ ಬರಹಗಳಲ್ಲಿ ‘ವ್ಯಕ್ತಿತ್ವ’ ಎಂಬ ಮಾತು ಇಂದು ಹೇರಳವಾಗಿ ಬಳಕೆಯಾಗುತ್ತಿದೆ. ವಿದ್ಯಾರ್ಥಿಗಳು ಪ್ರಶ್ನಾವಳಿಯಲ್ಲಿ ಯಂತ್ರವನ್ನು ಸ್ನೇಹಶೀಲವೆಂದೋ ಬುದ್ಧಿಶಾಲಿಯೆಂದೋ ಗುರುತಿಸಿದರೆ, ಅದನ್ನು ಯಂತ್ರದ ಗುಣವೆಂದೇ ಓದಿಬಿಡುವುದು ಸುಲಭ. ಈ ತೀರ್ಮಾನವು ಎಷ್ಟರಮಟ್ಟಿಗೆ ಸಾಧುವಾದುದು? ಇತಿಹಾಸವನ್ನು ಅಭ್ಯಸಿಸುವ ನಮಗೆ ಸಾಕ್ಷ್ಯಪರೀಕ್ಷೆಯೇ ಕಸುಬು. ಸಾಕ್ಷಿಯು ಯಾವಾಗ ನುಡಿದನು, ಅವನಿಗೆ ಏನು ಮರೆಯಾಗಿದ್ದಿತು, ಅವನ ನುಡಿಯಿಂದ ಏನು ಸಿದ್ಧವಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕಾಗಿದೆ.

ಮೊದಲನೆಯದು ಕಾಲದ ಪ್ರಶ್ನೆ. ಕಾಂಡಾ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತನಾಡುವ ಎರಡು ‘ರೋಬೋವಿ’ ಯಂತ್ರಗಳನ್ನು ಜಪಾನಿನ ಪ್ರಾಥಮಿಕ ಶಾಲೆಯೊಂದರಲ್ಲಿ 18 ದಿನ ಇರಿಸಲಾಗಿತ್ತು. ಅವು ಆಡಬಲ್ಲ ವಾಕ್ಯಗಳು ಸುಮಾರು 300. ಗುರುತಿಸಬಲ್ಲ ಪದಗಳು ಸುಮಾರು 50. ಮೊದಲ ವಾರ ಮಕ್ಕಳು ಅವನ್ನು ಮುತ್ತಿಕೊಂಡರು. ಎರಡನೆಯ ವಾರದ ಹೊತ್ತಿಗೆ ಒಡನಾಟವು ತೀವ್ರವಾಗಿ ಇಳಿಯಿತು. ಹೀಗಿರಲು ಮೊದಲ ದಿನದ ಮೆಚ್ಚುಗೆಯನ್ನೂ ಹದಿನೈದನೆಯ ದಿನದ ಮೆಚ್ಚುಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ಎಲ್ಲವನ್ನೂ ಹೊಸತರ ಮೋಹವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ತಾನಾಕಾ, ಸಿಕೊರೆಲ್ ಮತ್ತು ಮೊವೆಲನ್ ಅವರು ಅಮೆರಿಕದ ಶಿಶುವಿಹಾರವೊಂದರಲ್ಲಿ ‘ಕ್ಯೂರಿಯೊ’ ರೋಬಾಟನ್ನು ಐದು ತಿಂಗಳ ಕಾಲ ಎಳೆಯ ಮಕ್ಕಳ ನಡುವೆ ಬಿಟ್ಟು, ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಬರಬರುತ್ತ ಮಕ್ಕಳು ಅದನ್ನು ಆಟಿಕೆಗಿಂತ ಹೆಚ್ಚಾಗಿ ತಮ್ಮ ಓರಗೆಯವನಂತೆ ನಡೆಸಿಕೊಂಡರು. ಅದು ಮಲಗಿದಾಗ ಹೊದಿಕೆ ಹೊದಿಸಿದುದೂ ಉಂಟು. ಆದರೆ ಅದರ ವರ್ತನೆಯನ್ನು ಒಂದೇ ನೃತ್ಯಕ್ಕೆ ಸೀಮಿತಗೊಳಿಸಿದಾಗ ಒಡನಾಟದ ಗುಣ ಕುಗ್ಗಿತು. ಮೊದಲಿನ ವೈವಿಧ್ಯವನ್ನು ಮರಳಿಸಿದಾಗ ಚೇತರಿಸಿಕೊಂಡಿತು. ಮಕ್ಕಳ ಅಕ್ಕರೆಯು ಬಾಳಿದ್ದು ಯಂತ್ರದ ರೂಪದಿಂದಲ್ಲ, ಅದರ ಪ್ರತಿಸ್ಪಂದನದಿಂದ ಎಂದು ಇದರಿಂದ ಊಹಿಸಬಹುದು.

ಆ ಪ್ರತಿಸ್ಪಂದನವು ಯಾರದು ಎಂಬುದೇ ಎರಡನೆಯ ಪ್ರಶ್ನೆ. ಕಾನ್ ಮತ್ತು ಸಂಗಡಿಗರ 2012ರ ಅಧ್ಯಯನದಲ್ಲಿ 9, 12 ಮತ್ತು 15 ವರ್ಷ ವಯಸ್ಸಿನ 90 ಮಂದಿ ರೋಬೋವಿಯೊಡನೆ ಸುಮಾರು 15 ನಿಮಿಷ ಕಳೆದರು. ಬಳಿಕ ಅದನ್ನು ಬಲವಂತವಾಗಿ ಕಪಾಟಿನ ಕೋಣೆಗೆ ಸೇರಿಸಿದಾಗ, ಅದು ಅನ್ಯಾಯವೆಂದೂ ತನಗೆ ಭಯವೆಂದೂ ಮೊರೆಯಿಟ್ಟಿತು. ಹೀಗೆ ಮಾಡಿದುದು ಸರಿಯಲ್ಲವೆಂದು ಅರ್ಧಕ್ಕಿಂತ ಹೆಚ್ಚು ಮಂದಿ ತೀರ್ಪಿತ್ತರು. ಆದರೆ ಆ ಯಂತ್ರವನ್ನು ಮರೆಯಿಂದ ನಡೆಸುತ್ತಿದ್ದವರು ಮನುಷ್ಯರು. ಸಂಶೋಧಕರು ಇದನ್ನು ವರದಿಯಲ್ಲಿ ಮುಚ್ಚಿಟ್ಟಿಲ್ಲ. ನಮ್ಮ ಸೂತ್ರದ ಬೊಂಬೆಯಾಟದ ಪ್ರೇಕ್ಷಕನಾದರೋ ಸೂತ್ರಧಾರನಿರುವನೆಂದು ಬಲ್ಲನು, ಬಲ್ಲವನಾಗಿಯೇ ಕಣ್ಣೀರಿಡುವನು. ಆ ಅರಿವಿಲ್ಲದ ಮಗುವಿನ ಮಾತನ್ನು ಯಂತ್ರದ ವ್ಯಕ್ತಿತ್ವಕ್ಕೆ ಪ್ರಮಾಣವೆನ್ನುವುದು ದುರ್ಬಲವಾದ ವಾದ. ಅದು ಮಗುವಿನ ನೈತಿಕ ಸಂವೇದನೆಗೆ ಪ್ರಮಾಣವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಇನ್ನು ಮೂರನೆಯದು: ಮೆಚ್ಚುಗೆಯಿಂದ ಕಲಿಕೆಯು ಸಿದ್ಧಿಸುವುದೆ? ಕೆನಡಿ, ಬಾಕ್ಸ್ಟರ್, ಬೆಲ್ಪೇಮ್ ಇವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಬಾಟು ಅವಿಭಾಜ್ಯ ಸಂಖ್ಯೆಗಳನ್ನು ಕಲಿಸಿತು. ಸಾಮಾಜಿಕ ವರ್ತನೆಯನ್ನು ತೋರಿದ ರೋಬಾಟಿಗಿಂತ, ಅದಿಲ್ಲದ ರೋಬಾಟಿನಿಂದಲೇ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಯಿತು. ಒಂದು ಪ್ರಯೋಗದಿಂದ ನಿಯಮ ಹುಟ್ಟದು. ಆದರೂ ‘ಇಷ್ಟವಾಯಿತು’ ಎಂಬ ಉತ್ತರವನ್ನು ‘ಕಲಿತೆನು’ ಎಂದು ಓದಬಾರದೆಂಬ ಎಚ್ಚರಕ್ಕೆ ಇಷ್ಟು ಸಾಕು.

ಆದುದರಿಂದ ನಿರ್ಮಾಪಕನು ಉದ್ದೇಶಿಸಿದ ಗುಣ, ಯಂತ್ರವು ತೋರಿದ ವರ್ತನೆ, ವಿದ್ಯಾರ್ಥಿಯು ಆರೋಪಿಸಿದ ಭಾವ ಇವು ಮೂರನ್ನೂ ‘ವ್ಯಕ್ತಿತ್ವ’ವೆಂಬ ಒಂದೇ ಹೆಸರಿನಲ್ಲಿ ಬೆರಸಬಾರದೆಂದು ನಮ್ಮ ಅಭಿಪ್ರಾಯ. ಒಡನಾಟದ ಎಷ್ಟನೆಯ ದಿನದಲ್ಲಿ ಪ್ರಶ್ನಿಸಲಾಯಿತು, ಯಂತ್ರವು ಸ್ವಯಂಚಾಲಿತವೋ ಪರಚಾಲಿತವೋ, ಕಲಿಕೆಯನ್ನು ಬೇರೆಯಾಗಿ ಅಳೆಯಲಾಯಿತೋ ಇಲ್ಲವೋ ಎಂಬುದನ್ನು ಪ್ರತಿಯೊಂದು ವರದಿಯಲ್ಲಿಯೂ ಮೊದಲು ನೋಡಬೇಕು. ಯಂತ್ರದ ಸ್ನೇಹವು ರಚಿತವಾದುದಿರಬಹುದು. ಅದಕ್ಕೆ ಮಗುವು ತೆರುವ ವಿಶ್ವಾಸ ಮಾತ್ರ ನಿಜವಾದುದು. ಆ ವಿಶ್ವಾಸಕ್ಕೆ ಉತ್ತರವಾದಿಗಳು ಯಂತ್ರವನ್ನು ರಚಿಸಿದವರು ಮತ್ತು ಅದನ್ನು ತರಗತಿಗೆ ಬರಮಾಡಿಕೊಂಡ ಅಧ್ಯಾಪಕರು. ವ್ಯಕ್ತಿತ್ವವನ್ನು ಯಂತ್ರಕ್ಕೆ ವಹಿಸಿಕೊಟ್ಟು ಈ ಹೊಣೆಯಿಂದ ನುಣುಚಿಕೊಳ್ಳಲು ಅವಕಾಶವಿರಕೂಡದು.