ಚಪ್ಪಟೆ ಸೈಕಲ್ ಸವಾರ

ಜಾರ್ಜ್ ಗ್ಯಾಮೊನ ‘ಮಿಸ್ಟರ್ ಟಾಂಪ್ಕಿನ್ಸ್ ಇನ್ ವಂಡರ್‌ಲ್ಯಾಂಡ್’ (1940) ಓದಿ ವಿಶೇಷ ಸಾಪೇಕ್ಷತೆ ಅರ್ಥವಾಯಿತೆಂದು ಕಾಲೇಜಿನಲ್ಲಿ ಬೀಗಿದ್ದೆ. ಮೊನ್ನೆ ಮತ್ತೆ ಓದಿದೆ. ಬೀಗು ಇಳಿಯಿತು.

ಬ್ಯಾಂಕ್ ಗುಮಾಸ್ತ ಟಾಂಪ್ಕಿನ್ಸ್ ಕನಸಿನಲ್ಲಿ ಕಾಣುವ ಊರಲ್ಲಿ ಬೆಳಕಿನ ವೇಗ ಸೈಕಲ್ಲಿಗಿಂತ ತುಸುವೇ ಹೆಚ್ಚು. ಹಾಗಾಗಿ ಸವಾರ ಚಪ್ಪಟೆಯಾಗಿ ಕಾಣುತ್ತಾನೆ. ಮೋಜಿನ ಚಿತ್ರ, ಆದರೆ ತಪ್ಪು. ಉದ್ದ ಕುಗ್ಗುವುದು ಅಳತೆಯಲ್ಲಿ. ಕಣ್ಣಿಗೆ ಒಟ್ಟಿಗೆ ಬಂದು ಮುಟ್ಟುವ ಬೆಳಕು ಅವನ ಮೈಯಿಂದ ಬೇರೆ ಬೇರೆ ಹೊತ್ತಿಗೆ ಹೊರಟದ್ದು. ದೂರದಿಂದ ನೋಡಿದರೆ ಆತ ಕೊಂಚ ತಿರುಗಿದಂತೆ ಕಾಣಬೇಕೆಂದು 1959ರಲ್ಲಿ ಜೇಮ್ಸ್ ಟೆರೆಲ್ ತೋರಿಸಿದ. ಅದಕ್ಕಾಗಿ ಗ್ಯಾಮೊನನ್ನು ದೂರುವುದು ನ್ಯಾಯವಲ್ಲ. ನನ್ನ ತಕರಾರೆಂದರೆ, ಈ ಚಿತ್ರ ಇಡೀ ಸಿದ್ಧಾಂತವನ್ನೇ ಕಣ್ಕಟ್ಟು ಎನಿಸಿಬಿಡುತ್ತದೆ.

ಅದನ್ನು ತಿದ್ದುವುದು ಅದೇ ಪುಸ್ತಕದ ಮುದುಕಿ. ರೈಲಿಳಿದ ನಲವತ್ತರ ಆಸುಪಾಸಿನ ಗಂಡಸನ್ನು ಆಕೆ ‘ತಾತ’ ಎನ್ನುತ್ತಾಳೆ! ಕೆಲಸಕ್ಕಾಗಿ ಸದಾ ರೈಲಲ್ಲೇ ಓಡಾಡಿದವನಿಗೆ ವಯಸ್ಸಾದದ್ದೇ ಕಡಿಮೆ. ರೈಲು ನಿಂತರೂ ಆ ಅಂತರ ಅಳಿಯುವುದಿಲ್ಲ. ಇಬ್ಬರ ಪಾಲಿಗೂ ಕಳೆದ ಕಾಲವೇ ಬೇರೆ.

ಪುಣೆಯಿಂದ ಹುಬ್ಬಳ್ಳಿಗೆ ನಮ್ಮ ರೈಲು ಉಳಿಸಿಕೊಡುವುದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲೂ ಅಲ್ಲ. ಆದರೂ ಪ್ಲಾಟ್‌ಫಾರ್ಮಿನಲ್ಲಿ ಕಾಯುವ ಅವ್ವನ ಕೂದಲು ಪ್ರತಿ ಸಲವೂ ಇನ್ನಷ್ಟು ಬೆಳ್ಳಗಾಗಿರುತ್ತದೆ. ನನಗೆ ಆ ಮುದುಕಿ ನೆನಪಾಗುತ್ತಾಳೆ.