ವಿದ್ಯಾರ್ಥಿಗಳ ಇಂಗ್ಲಿಷ್: ಇಳಿಕೆಯೋ, ಪಲ್ಲಟವೋ?

ನಮ್ಮ ಪದವಿ ವಿದ್ಯಾರ್ಥಿಗಳ ಇಂಗ್ಲಿಷ್ ಜ್ಞಾನವು ತಲೆಮಾರಿನಿಂದ ತಲೆಮಾರಿಗೆ ಕುಂದುತ್ತ ಬಂದಿದೆಯೆಂಬ ಮಾತು ಅಧ್ಯಾಪಕರ ಕೊಠಡಿಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಇದನ್ನು ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ನಾವು ಯಾರನ್ನು ಯಾರೊಡನೆ ಹೋಲಿಸುತ್ತಿದ್ದೇವೆ? ಭಾಷೆಯ ಯಾವ ಶಕ್ತಿಯನ್ನು ಅಳೆಯುತ್ತಿದ್ದೇವೆ?

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಕಾಲೇಜಿನ ಮೆಟ್ಟಿಲೇರುತ್ತಿದ್ದವರು ಕೆಲವೇ ಮಂದಿ. ಇತಿಹಾಸ, ಗಣಿತ, ವಿಜ್ಞಾನಗಳನ್ನು ಅವರು ಇಂಗ್ಲಿಷಿನಲ್ಲಿಯೇ ಕಲಿಯಬೇಕಾಗಿತ್ತು. ಆ ಭಾಷೆ ಒಲಿಯದವರು ಹೊಸ್ತಿಲಲ್ಲಿಯೇ ಉಳಿಯುತ್ತಿದ್ದರು. 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮಕ್ಕೆ ಒತ್ತುಕೊಟ್ಟರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಪ್ರತ್ಯೇಕವಾಯಿತು, ಕಾಲೇಜುಗಳು ಹೆಚ್ಚಿದವು. ಇಂದು ಒಂದೇ ಮೆಟ್ರೋ ಮಾರ್ಗವು ಹೊಸಹಳ್ಳಿಯನ್ನು ಒಂದು ಕಡೆ ಸೆಂಟ್ರಲ್ ಕಾಲೇಜಿಗೂ ಇನ್ನೊಂದು ಕಡೆ ಜ್ಞಾನಭಾರತಿಗೂ ಜೋಡಿಸುತ್ತದೆ. ಇಂತಹ ಬಡಾವಣೆಗಳಿಂದ ತರಗತಿಗೆ ಬರುವವರಲ್ಲಿ ತಮ್ಮ ಮನೆಯಲ್ಲಿ ಮೊದಲು ಪದವಿಗೆ ಓದುತ್ತಿರುವವರೂ ಇದ್ದಾರೆ. ಅಂದಿನ ಆಯ್ದ ಕೆಲವರನ್ನು ಇಂದಿನ ಸಮೂಹದೊಡನೆ ತೂಗಿ ಇಳಿಕೆಯೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಎರಡನೆಯ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಹಿಂದಿನವರ ಇಂಗ್ಲಿಷ್ ಮುಖ್ಯವಾಗಿ ಓದಿನ ಮತ್ತು ಬರವಣಿಗೆಯ ಇಂಗ್ಲಿಷ್. ಅದರ ಫಲವು ಕನ್ನಡಕ್ಕೂ ದೊರೆಯಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’, ಇಂಗ್ಲಿಷ್ ಬೋಧಿಸುತ್ತಿದ್ದ ಎಸ್. ವಿ. ರಂಗಣ್ಣನವರ ವಿಮರ್ಶೆ, ಎ. ಎನ್. ಮೂರ್ತಿರಾಯರ ಪ್ರಬಂಧಗಳು ಇದಕ್ಕೆ ಸಾಕ್ಷಿ. ಇಂದಿನ ವಿದ್ಯಾರ್ಥಿಯ ಕಿವಿಗೆ ಇಂಗ್ಲಿಷ್ ಬಾಲ್ಯದಿಂದಲೇ ಬೀಳುತ್ತದೆ. 2007–08ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಅದನ್ನು ಒಂದನೆಯ ತರಗತಿಯಿಂದ ಕಲಿಸಲಾಗುತ್ತಿದೆ. ಮಾತನಾಡಲು, ಮಾತನ್ನು ಗ್ರಹಿಸಲು ಅವನಿಗೆ ಅಳುಕು ಕಡಿಮೆ. ಆದರೆ ಇಪ್ಪತ್ತು ಪುಟಗಳ ವಾದಸರಣಿಯನ್ನು ತಾಳ್ಮೆಯಿಂದ ಹಿಂಬಾಲಿಸಿ, ಅದರ ಸಾರವನ್ನು ಸ್ವಂತ ಮಾತಿನಲ್ಲಿ ಬರೆಯೆಂದರೆ ಅವನು ತಡವರಿಸುತ್ತಾನೆ. ಆದುದರಿಂದ ನಡೆದಿರುವುದು ಬರಿಯ ಇಳಿಕೆಯಲ್ಲ, ಪಲ್ಲಟ. ನಾಲಗೆಯಲ್ಲಿ ಗಳಿಸಿದ್ದನ್ನು ಲೇಖನಿಯಲ್ಲಿ ಕಳೆದುಕೊಂಡಿದ್ದೇವೆ.

ಇಷ್ಟಕ್ಕೇ ಸಮಾಧಾನಪಡುವಂತಿಲ್ಲ. ಕನ್ನಡದಲ್ಲಿ ಓದಿದವನು ವಿಜ್ಞಾನವನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸಿದಾಗ ವಿಷಯವನ್ನು ಬಿಟ್ಟು ವಾಕ್ಯಗಳನ್ನು ಬಾಯಿಪಾಠ ಮಾಡುತ್ತಾನೆ. ಮೊದಲಿನಿಂದ ಇಂಗ್ಲಿಷಿನಲ್ಲಿಯೇ ಓದಿದವನಿಗೆ ಅದೇ ವಿಷಯವನ್ನು ಕನ್ನಡದಲ್ಲಿ ವಿವರಿಸಲು ಪದಗಳು ದೊರೆಯುವುದಿಲ್ಲ. ಒಬ್ಬನಿಗೆ ಒಳಗೆ ಬರುವ ಬಾಗಿಲು ಮುಚ್ಚಿದೆ, ಇನ್ನೊಬ್ಬನಿಗೆ ಹೊರಗೆ ಹೋಗುವ ಬಾಗಿಲು. ನಮ್ಮ ಪರೀಕ್ಷೆಗಳು ಇಬ್ಬರಿಗೂ ಅಂಕಗಳನ್ನು ಕೊಟ್ಟು ಈ ಕೊರತೆಯನ್ನು ಮರೆಸುತ್ತವೆ.

ಪರಭಾಷೆಯಲ್ಲಿ ಓದಿದ್ದನ್ನು ತನ್ನ ಭಾಷೆಯಲ್ಲಿ ತಿಳಿಯಾಗಿ ಹೇಳಬಲ್ಲವನಿಗೇ ಆ ಭಾಷೆ ಬಂದಿದೆಯೆನ್ನಬೇಕು. ಆದಕಾರಣ ಪ್ರತಿ ವರ್ಷ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಒಂದೇ ಮಟ್ಟದ ಗದ್ಯಭಾಗವನ್ನು ಕೊಟ್ಟು, ಅದರ ಸಾರಾಂಶವನ್ನು ಎರಡೂ ಭಾಷೆಗಳಲ್ಲಿ ಬರೆಯಿಸಿ, ಉತ್ತರಗಳನ್ನು ವಿಭಾಗಗಳು ಕಾಪಾಡಿಡಬೇಕೆಂಬುದು ನಮ್ಮ ಸೂಚನೆ. ಹತ್ತು ವರ್ಷಗಳ ಅನಂತರ ಏರಿಳಿತದ ಚರ್ಚೆಗೆ ಅಧ್ಯಾಪಕರ ನೆನಪುಗಳಿಗಿಂತ ಗಟ್ಟಿಯಾದ ಆಧಾರ ದೊರೆಯುತ್ತದೆ. ಅಲ್ಲಿಯವರೆಗೆ, ದೂರುವ ಹೊತ್ತನ್ನು ವಿದ್ಯಾರ್ಥಿಗಳೊಡನೆ ಒಂದು ಪುಟವನ್ನು ಕೂಡಿ ಓದುವುದಕ್ಕೆ ಕೊಟ್ಟರೆ ಹೆಚ್ಚು ಪ್ರಯೋಜನವಾದೀತು.