ಕಾಳಿಯ ಕಲ್ಲು ಮತ್ತು ಅನ್ನದ ಋಣ

ಆತಕೂರು ಶಾಸನವನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತೇವೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ತಕ್ಕೋಲಂ ಯುದ್ಧದ ಆಧಾರ. ಉಳಿದವರಿಗೆ ಅದು ನಾಯಿಗೆ ನೆಟ್ಟ ವೀರಗಲ್ಲು, ನಮ್ಮವರ ಪ್ರಾಣಿಪ್ರೀತಿಯ ಕುರುಹು. ಎರಡೂ ತಪ್ಪಲ್ಲ. ಆದರೆ ಒಬ್ಬ ಯೋಧನ ಶೌರ್ಯವನ್ನೂ ಒಂದು ನಾಯಿಯ ಸಾವನ್ನೂ ಒಂದೇ ಕಲ್ಲಿನ ಮೇಲೆ ಏಕೆ ಬರೆಸಿದರು ಎಂಬ ಪ್ರಶ್ನೆ ಈ ಎರಡು ಓದುಗಳ ನಡುವೆ ಕಳೆದುಹೋಗುತ್ತದೆ. ಹಳಗನ್ನಡದ ಯೋಧನೀತಿಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಪ್ರಶ್ನೆಯೇ ಮುಖ್ಯವೆನಿಸಿದೆ.

ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರ ರಾಜಾದಿತ್ಯನ ಮೇಲೆ ತಕ್ಕೋಲದಲ್ಲಿ ಯುದ್ಧ ಮಾಡಿದ. ಅವನ ಪರವಾಗಿ ನಿಂತ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಯೋಧ ಮಣಲೇರ ಮುಂದೆ ನಿಂತು ಕಾದಿದ. ಮೆಚ್ಚಿದ ಬೂತುಗ 'ಬೇಕಾದ್ದನ್ನು ಕೇಳು' ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಸತ್ತವು. ಊರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಂತಿತು.

ಈ ಕಥೆಯನ್ನು ಹೇಳುವವರು ಹಲವೊಮ್ಮೆ 'ಭೂಮಿ ಬೇಡ, ನಾಯಿ ಸಾಕು' ಎಂದ ತ್ಯಾಗಿಯನ್ನಾಗಿ ಮಣಲೇರನನ್ನು ಚಿತ್ರಿಸುತ್ತಾರೆ. ಶಾಸನ ಹಾಗೆ ಹೇಳುವುದಿಲ್ಲ. ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ಮಣಲೇರನಿಗೆ ಆತಕೂರು 12ನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದುದರ ಕೊಡುಗೆಯಾಗಿ ಕೊಟ್ಟ. ನೆತ್ತರು ಹರಿಸಿದ್ದಕ್ಕೆ ನೆಲ ಸಿಕ್ಕಿದೆ, ಅದರ ಲೆಕ್ಕವೂ ಕಲ್ಲಿನ ಮೇಲೇ ಇದೆ. ಈ ಲೆಕ್ಕವನ್ನು ಮುಚ್ಚಿಟ್ಟು ಕಾಳಿಯ ಕಥೆಯನ್ನಷ್ಟೇ ಹೇಳಿದರೆ ಶಾಸನ ಸಿಹಿಯಾಗುತ್ತದೆ, ಆದರೆ ಸಣ್ಣದಾಗುತ್ತದೆ.

ಶೌರ್ಯದ ಬರಹವನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ಇದೇ ಶಾಸನದ 'ಬಿಸುಗೆ' ಎಂಬ ಪದ ಸಾಕ್ಷಿ. ಮೊದಮೊದಲ ಓದಿನಲ್ಲಿ ಈ ಭಾಗಕ್ಕೆ ಬೂತುಗ ರಾಜಾದಿತ್ಯನನ್ನು ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದ ಎಂಬ ಅರ್ಥ ಬಂದಿತ್ತು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ, ಬೂತುಗ ಅಂಬಾರಿಯನ್ನೇ ರಣಭೂಮಿ ಮಾಡಿಕೊಂಡು ಕೊಂದ ಎಂಬ ಅರ್ಥ ಆಮೇಲೆ ಸ್ಪಷ್ಟವಾಯಿತು. ಚೋಳರ ತಾಮ್ರಶಾಸನಗಳೂ ರಾಜಾದಿತ್ಯ ಆನೆಯ ಮೇಲೆಯೇ ಮಡಿದನೆಂದು ಹೇಳುತ್ತವೆ. ಒಂದು ಪದದ ಓದು ಬದಲಾದಾಗ ದ್ರೋಹಿ ವೀರನಾದ. ಗೆದ್ದವರ ಶಾಸನದಲ್ಲಿ ಬೂತುಗನ ಪರಾಕ್ರಮವಾಗಿರುವ ಘಟನೆಯೇ ಸೋತವರ ಶಾಸನದಲ್ಲಿ ರಾಜಾದಿತ್ಯನ ವೀರಮರಣ.

ಇನ್ನು ನಾಯಿಯ ವಿಷಯ. ಶಾಸನದ ನಡೆಯನ್ನು ಗಮನಿಸಿ: ಚಕ್ರವರ್ತಿ, ಸಾಮಂತ, ಯೋಧ, ಕೊನೆಗೆ ನಾಯಿ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಇವರನ್ನು ಬೆಸೆದಿರುವುದು ಆ ಕಾಲ ಜೋಳವಾಳಿ ಎಂದು ಕರೆದ ನೀತಿ, ಅಂದರೆ ಉಂಡ ಅನ್ನಕ್ಕೆ ಪ್ರಾಣದಿಂದ ಸಲ್ಲಿಸುವ ಋಣ. ಈ ಕಲ್ಲಿಗಿಂತ ಕೆಲವೇ ವರ್ಷ ಮೊದಲು ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಇದೇ ನೀತಿಯನ್ನು ಕರ್ಣನ ಮೂಲಕ ಅತ್ಯಂತ ಎತ್ತರಕ್ಕೆ ಒಯ್ದಿದ್ದ. ತಾನು ಯಾರೆಂದು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ಅದರ ಭವ್ಯತೆಗೆ ನಾವು ತಲೆದೂಗುತ್ತೇವೆ. ಆತಕೂರಿನ ಕಲ್ಲು ಅದೇ ನೀತಿಯನ್ನು ನಾಯಿಯಲ್ಲಿ ತೋರಿಸಿದಾಗ ಮಾತ್ರ ಕಸಿವಿಸಿಯಾಗುತ್ತದೆ. ಅನ್ನ ಹಾಕಿದವನು ಬಿಟ್ಟ ಕಡೆ ನುಗ್ಗಿ ಸಾಯುವುದೇ ಶೌರ್ಯವಾದರೆ ಯೋಧನಿಗೂ ಬೇಟೆನಾಯಿಗೂ ಏನು ವ್ಯತ್ಯಾಸ? ಬರೆಸಿದವರು ಇದನ್ನು ವ್ಯಂಗ್ಯವಾಗಿ ಕೇಳಿದ್ದಾರೆ ಎಂದು ನಾನು ಹೇಳುವುದಿಲ್ಲ. ಅವರಿಗೆ ಅದು ಗೌರವವೇ. ಪ್ರಶ್ನೆ ಹುಟ್ಟುವುದು ನಮ್ಮ ಓದಿನಲ್ಲಿ, ಆದರೆ ಅದಕ್ಕೆ ಜಾಗ ಕೊಟ್ಟಿರುವುದು ಕಲ್ಲೇ.

ಉತ್ತರದ ಒಂದು ಎಳೆಯೂ ಅಲ್ಲೇ ಸಿಗುತ್ತದೆ. ಕಾಳಿಯ ಕಲ್ಲಿಗೆ ಎರಡು ಖಂಡುಗ ಭೂಮಿ ಬಿಟ್ಟಿದ್ದಾರೆ. ಅದನ್ನು ಕಿತ್ತುಕೊಂಡವನಿಗೆ ನಾಯಿಯ ಪಾಪ ತಟ್ಟುತ್ತದೆ. ಗುಡಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ದಾನಶಾಸನಗಳ ಶಾಪವಾಕ್ಯಗಳನ್ನು ರೂಢಿಯ ಮಾತೆಂದು ದಾಟಿಹೋಗುವ ನಾವು ಇಲ್ಲಿ ನಿಲ್ಲಬೇಕು. ಇಲ್ಲಿ ಋಣ ತಿರುವುಮುರುವಾಗಿದೆ. ಉಂಡ ನಾಯಿ ಸತ್ತು ಋಣ ತೀರಿಸಿತು. ಈಗ ಮನುಷ್ಯ ಉಣ್ಣುವ ಮೊದಲು ಅದನ್ನು ನೆನೆಯಬೇಕು. ಬದುಕಿ ಉಳಿದವರ ದಿನದಿನದ ಊಟಕ್ಕೇ ಬಲಿಯ ಲೆಕ್ಕವನ್ನು ಕಟ್ಟಿದ್ದು ಈ ಶಾಸನದ ದೊಡ್ಡ ಮಾತು ಎಂದು ನನ್ನ ಓದು.

ಆದರೂ ಒಂದು ಕೊರಗು ಉಳಿಯುತ್ತದೆ. ಬೂತುಗನಿಗೆ ನಾಡು ಸಿಕ್ಕಿತು, ಮಣಲೇರನಿಗೆ ಊರು ಸಿಕ್ಕಿತು, ಕಾಳಿಗೆ ಕಲ್ಲು ಸಿಕ್ಕಿತು. ತಕ್ಕೋಲದಲ್ಲಿ ಎರಡೂ ಕಡೆ ಬಿದ್ದ ಕಾಲಾಳುಗಳ ಒಂದು ಹೆಸರೂ ಈ ಕಲ್ಲಿನಲ್ಲಿಲ್ಲ. ಕಲ್ಲಿನ ಚಿತ್ರದಲ್ಲಿ ಕಾದುತ್ತಿರುವುದು ನಾಯಿ ಮತ್ತು ಹಂದಿ. ವೀರಗಲ್ಲುಗಳನ್ನು ಹೆಮ್ಮೆಯಿಂದ ಉಲ್ಲೇಖಿಸುವ ನಮ್ಮ ಬರಹಗಳು ಕೆತ್ತಿದ ಹೆಸರುಗಳ ಜೊತೆಗೆ ಕೆತ್ತದೆ ಬಿಟ್ಟವರನ್ನೂ ಕೇಳಿಕೊಳ್ಳಬೇಕು. ಗೊರವನಿಗೆ ಹಾಕಿದ ಆ ಷರತ್ತು ಓದುಗರಾದ ನಮಗೂ ಅನ್ವಯಿಸುತ್ತದೆ.